ಮುಂದೆ ರಸ್ತೆ ಹೇಗಿದೆ?

ಈ ಸಭೆಗೆ ಹೊರಡುವ ಮೊದಲು ಇಲ್ಲಿ ಸೇರಿರುವವರಲ್ಲಿ ಬಹಳ ಮಂದಿ ಒಂದು ಕೆಲಸ ಮಾಡಿರುತ್ತಾರೆ. ಜೇಬಿನಿಂದ ಮೊಬೈಲ್ ಫೋನು ತೆಗೆದು, ಬರುವ ದಾರಿ ಹಸಿರಾಗಿದೆಯೋ ಕೆಂಪಾಗಿದೆಯೋ ಎಂದು ನೋಡಿರುತ್ತಾರೆ. ಹಿಂದಿನವರು ಮನೆ ಬಿಡುವಾಗ ಬಾಗಿಲಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಮೋಡ ಕಂಡರೆ ಕೊಡೆ ಹಿಡಿದು ಹೊರಡುತ್ತಿದ್ದರು. ಇಂದಿನ ಬೆಂಗಳೂರಿನವರು ನೋಡುವುದು ನಕ್ಷೆಯನ್ನು. ಆದರೆ ಒಂದು ವ್ಯತ್ಯಾಸವಿದೆ. ನಕ್ಷೆಯಲ್ಲಿ ಕೆಂಪು ಗೆರೆ ಕಂಡವರಲ್ಲಿ ಎಷ್ಟೋ ಮಂದಿ ಒಂದು ನಿಟ್ಟುಸಿರು ಬಿಟ್ಟು, ಗಾಡಿ ತೆಗೆದು, ಅದೇ ಕೆಂಪು ರಸ್ತೆಯಲ್ಲಿಯೇ ಹೊರಡುತ್ತಾರೆ.

ಹಾಗಿದ್ದರೆ ನೋಡುವುದಾದರೂ ಏಕೆ? ಮೇಲುನೋಟಕ್ಕೆ ಇದು ಚಿಕ್ಕ ಪ್ರಶ್ನೆ. ಆದರೆ ಜಗತ್ತಿನ ದೊಡ್ಡ ದೊಡ್ಡ ನಗರಗಳು ಕಳೆದ ಎಪ್ಪತ್ತು ವರ್ಷಗಳಿಂದ ಈ ಪ್ರಶ್ನೆಯ ಸುತ್ತಲೇ ಸುತ್ತುತ್ತಿವೆ. ರಸ್ತೆ ಅಗಲ ಮಾಡಲು ಜಾಗವಿಲ್ಲ, ವಾಹನ ಕಡಿಮೆ ಮಾಡಲು ಧೈರ್ಯವಿಲ್ಲ. ಕನಿಷ್ಠ ಜನರಿಗೆ ಮಾಹಿತಿಯನ್ನಾದರೂ ಕೊಡೋಣ, ಅವರು ತಾವಾಗಿಯೇ ಹಂಚಿಹೋಗುತ್ತಾರೆ ಎಂಬುದು ಆಡಳಿತಗಾರರ ನಂಬಿಕೆ. ಮಾಹಿತಿ ಪಡೆಯುವ ಜನರ ಮನಸ್ಸಿನಲ್ಲಿ ಏನಿದೆ ಎಂದು ಕೇಳಿದವರು ಕಡಿಮೆ. ಕೇಳಿದಾಗಲೆಲ್ಲ ಸಿಕ್ಕ ಉತ್ತರ ಮಾತ್ರ ಆಡಳಿತಗಾರರ ನಂಬಿಕೆಗಿಂತ ಬೇರೆಯೇ ಆಗಿತ್ತು.

ಈ ಕಥೆ ಆರಂಭವಾಗುವುದು ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ, 1955ರಲ್ಲಿ. ಆಗಲೇ ಅಲ್ಲಿ ಮನೆಗೊಂದು ಕಾರು ಬಂದಿತ್ತು, ಕಾರಿಗೊಂದು ರೇಡಿಯೊ ಬಂದಿತ್ತು. ಎಲ್ಲಿ ಅಪಘಾತವಾಗಿದೆ, ಎಲ್ಲಿ ರಸ್ತೆ ಕಟ್ಟಿದೆ ಎಂಬುದು ಪೊಲೀಸರಿಗೆ ತಿಳಿದಿರುತ್ತಿತ್ತು. ಆದರೆ ಒಂದೊಂದು ರೇಡಿಯೊ ಕೇಂದ್ರಕ್ಕೂ ಫೋನು ಮಾಡಿ ಹೇಳುತ್ತ ಕೂರಲು ಅವರಿಗೆ ಪುರುಸೊತ್ತಿರಲಿಲ್ಲ. ಲಾಯ್ಡ್ ಸಿಗ್ಮನ್ ಎಂಬ ರೇಡಿಯೊ ಸಂಸ್ಥೆಯ ಅಧಿಕಾರಿ ಇದಕ್ಕೊಂದು ಉಪಾಯ ಕಂಡುಹಿಡಿದರು. ಪೊಲೀಸರು ಒಂದು ನಿರ್ದಿಷ್ಟ ಸ್ವರವನ್ನು ಬಿಟ್ಟು ಮಾತಾಡಿದರೆ ಸಾಕು, ರೇಡಿಯೊ ಕೇಂದ್ರದಲ್ಲಿದ್ದ ಯಂತ್ರ ತಾನಾಗಿ ಎಚ್ಚೆತ್ತು ಆ ಮಾತನ್ನು ಧ್ವನಿಮುದ್ರಿಸಿಕೊಳ್ಳುತ್ತಿತ್ತು. ಅಲ್ಲಿನ ಸಿಬ್ಬಂದಿ ಅದನ್ನು ಕೂಡಲೇ ಪ್ರಸಾರ ಮಾಡುತ್ತಿದ್ದರು. ಸಿಗ್ಮನ್ ಅವರ ಹೆಸರಿನಿಂದಲೇ ಅದಕ್ಕೆ 'ಸಿಗ್‌ಅಲರ್ಟ್' ಎಂಬ ಹೆಸರು ಬಂತು. ಕ್ಯಾಲಿಫೋರ್ನಿಯಾದಲ್ಲಿ ಇಂದಿಗೂ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ರಸ್ತೆಯ ಒಂದು ಪಥ ಬಂದ್ ಆದರೆ ಅದೇ ಹೆಸರಿನಲ್ಲಿ ಸೂಚನೆ ಹೊರಡುತ್ತದೆ.

ಈ ವ್ಯವಸ್ಥೆ ಆರಂಭವಾಗಿ ಇನ್ನೂ ಆರು ತಿಂಗಳು ತುಂಬಿರಲಿಲ್ಲ. 1956ರ ಜನವರಿ 22ರಂದು ನಗರದ ಬಳಿ ರೈಲೊಂದು ಹಳಿ ತಪ್ಪಿ 30 ಮಂದಿ ಸತ್ತರು. ಗಾಯಾಳುಗಳ ಆರೈಕೆಗೆ ವೈದ್ಯರು, ದಾದಿಯರು ಬೇಕಾಗಿದ್ದಾರೆ ಎಂದು ಸಿಗ್‌ಅಲರ್ಟ್ ಮೂಲಕ ಕರೆ ಹೋಯಿತು. ಕರೆ ಕೇಳಿದ ವೈದ್ಯರೂ ದಾದಿಯರೂ ತಮ್ಮ ತಮ್ಮ ಕಾರುಗಳಲ್ಲಿ ಧಾವಿಸಿದರು. ಬೇಕಾದದ್ದಕ್ಕಿಂತ ಹೆಚ್ಚು ಮಂದಿ ಬಂದರು. ಫಲವೇನು? ಅಪಘಾತದ ಜಾಗಕ್ಕೆ ಹೋಗುವ ದಾರಿಯೇ ಕಟ್ಟಿಹೋಯಿತು. ದಟ್ಟಣೆ ತಪ್ಪಿಸಲು ಹುಟ್ಟಿದ ಯಂತ್ರ ತಾನೇ ಒಂದು ದಟ್ಟಣೆಗೆ ಕಾರಣವಾಯಿತು. ಕರೆಯಲ್ಲಿ ತಪ್ಪಿರಲಿಲ್ಲ, ಓಡಿಬಂದವರ ಮನಸ್ಸಿನಲ್ಲಿಯೂ ತಪ್ಪಿರಲಿಲ್ಲ. ಒಂದೇ ಮಾತನ್ನು ಎಲ್ಲರೂ ಒಂದೇ ಕ್ಷಣದಲ್ಲಿ ಕೇಳಿದ್ದೇ ತೊಂದರೆಯಾಯಿತು. ಈ ಸಂಗತಿಯನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು; ಮುಂದೆ ಇದು ಮತ್ತೆ ಬರುತ್ತದೆ.

ಲಾಸ್ ಏಂಜಲೀಸ್ ಮಾಡಿದ್ದನ್ನು ಇತರ ದೇಶಗಳು ಇನ್ನಷ್ಟು ನಾಜೂಕಾಗಿ ಮಾಡಿದವು. 1974ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಒಂದು ವ್ಯವಸ್ಥೆ ಬಂತು. ಕಾರಿನಲ್ಲಿ ಕ್ಯಾಸೆಟ್ ಹಾಕಿ ಹಾಡು ಕೇಳುತ್ತಿದ್ದರೂ, ಸಂಚಾರದ ಸೂಚನೆ ಬಂದ ಕೂಡಲೇ ಹಾಡು ನಿಂತು ಸೂಚನೆ ಕೇಳಿಸುತ್ತಿತ್ತು. 1996ರ ಏಪ್ರಿಲ್‌ನಲ್ಲಿ ಜಪಾನು ಟೋಕಿಯೊ ಸುತ್ತಮುತ್ತ ಆರಂಭಿಸಿದ ವ್ಯವಸ್ಥೆಯಲ್ಲಿ ರಸ್ತೆ ಬದಿಯ ಉಪಕರಣಗಳು ಮತ್ತು ಎಫ್‌ಎಂ ತರಂಗಗಳ ಮೂಲಕ ದಟ್ಟಣೆಯ ಚಿತ್ರ ಕಾರಿನೊಳಗಿನ ಪರದೆಯ ಮೇಲೆಯೇ ಮೂಡತೊಡಗಿತು. ಯಂತ್ರಗಳು ಹೀಗೆ ಮುಂದುವರಿದವು. ಆದರೆ ಅವುಗಳ ಮುಂದೆ ಕುಳಿತ ಮನುಷ್ಯ?

ಆ ಮನುಷ್ಯನನ್ನು ವಿಚಾರಿಸಿದವರಲ್ಲಿ ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮೊದಲಿಗರ ಸಾಲಿನಲ್ಲಿ ನಿಲ್ಲುತ್ತಾರೆ. 1980ರ ದಶಕದ ಕೊನೆಯಲ್ಲಿ ಅವರು ಹೆದ್ದಾರಿಯಲ್ಲಿ ಕೆಲಸಕ್ಕೆ ಹೋಗಿಬರುವ ಸುಮಾರು 4 ಸಾವಿರ ಮಂದಿಗೆ ಪ್ರಶ್ನಾವಳಿ ಕೊಟ್ಟು ಉತ್ತರ ಪಡೆದರು. ಉತ್ತರಗಳನ್ನು ಜೋಡಿಸಿದಾಗ ವಾಹನ ಚಾಲಕರು ನಾಲ್ಕು ಪಂಗಡಗಳಾಗಿ ನಿಂತರು. ಸೂಚನೆ ಕೇಳಿ ದಾರಿ ಬದಲಿಸುವವರು ಒಂದು ಪಂಗಡ. ದಾರಿಯನ್ನೂ ಹೊರಡುವ ಹೊತ್ತನ್ನೂ ಬದಲಿಸಲು ಸಿದ್ಧರಿರುವವರು ಇನ್ನೊಂದು. ಇವರೇ ಹೆಚ್ಚು, ಹತ್ತಕ್ಕೆ ನಾಲ್ಕು ಮಂದಿ. ಮನೆ ಬಿಡುವ ಮೊದಲಾದರೆ ಬದಲಿಸಿಕೊಳ್ಳುವ, ಒಮ್ಮೆ ರಸ್ತೆಗಿಳಿದ ಮೇಲೆ ಯಾರ ಮಾತನ್ನೂ ಕೇಳದವರು ಮೂರನೆಯ ಪಂಗಡ. ಏನೇ ಹೇಳಿದರೂ ಬದಲಾಗದವರು ನಾಲ್ಕನೆಯ ಪಂಗಡ. ಇವರು ಒಟ್ಟಿನಲ್ಲಿ ಸುಮಾರು ನಾಲ್ಕನೇ ಒಂದು ಭಾಗ.

ಈ ಸಮೀಕ್ಷೆಯ ಇನ್ನೊಂದು ಅಂಶ ಮುಖ್ಯವಾದದ್ದು. ಜನ ದಾರಿ ಬದಲಿಸಬಹುದು, ಹತ್ತು ನಿಮಿಷ ಮೊದಲೋ ಆಮೇಲೋ ಹೊರಡಬಹುದು. ಆದರೆ ಕಾರು ಬಿಟ್ಟು ಬಸ್ಸು ಹತ್ತುತ್ತೀರಾ ಎಂದರೆ ಒಪ್ಪುವವರು ತೀರ ಕಡಿಮೆ. ಮಾಹಿತಿಯ ಬಲ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಇದು ತೋರಿಸುತ್ತದೆ. ಮಾಹಿತಿ ಮನುಷ್ಯನನ್ನು ಒಂದು ರಸ್ತೆಯಿಂದ ಇನ್ನೊಂದು ರಸ್ತೆಗೆ ಸರಿಸಬಲ್ಲದು. ಅವನ ಅಭ್ಯಾಸದಿಂದ ಅವನನ್ನು ಸರಿಸುವುದು ಸುಲಭವಲ್ಲ.

ದಾರಿ ಬದಲಿಸದವರನ್ನು ಮೊಂಡರು ಎಂದು ತಳ್ಳಿಹಾಕುವಂತಿಲ್ಲ. ಅವರ ಲೆಕ್ಕಾಚಾರ ಬೇರೆ. ದಿನವೂ ಹೋಗುವ ರಸ್ತೆಯಲ್ಲಿ ಎಲ್ಲಿ ಗುಂಡಿ ಇದೆ, ಯಾವ ಸಿಗ್ನಲ್ ಎಷ್ಟು ಹೊತ್ತು ನಿಲ್ಲಿಸುತ್ತದೆ, ಶಾಲೆ ಬಿಡುವ ಹೊತ್ತು ಯಾವುದು ಎಂಬುದೆಲ್ಲ ಅವರಿಗೆ ಬಾಯಿಪಾಠ. ಅಲ್ಲಿ ನಲವತ್ತು ನಿಮಿಷವಾದರೂ ಅದು ಗೊತ್ತಿರುವ ನಲವತ್ತು ನಿಮಿಷ. ಯಂತ್ರ ತೋರಿಸುವ ಹೊಸ ದಾರಿಯಲ್ಲಿ ಮೂವತ್ತೇ ನಿಮಿಷ ಎಂದರೂ ಅದು ಗೊತ್ತಿಲ್ಲದ ಮೂವತ್ತು ನಿಮಿಷ. ಬೇಗ ತಲುಪುವುದಕ್ಕಿಂತ ಇಷ್ಟೇ ಹೊತ್ತಿಗೆ ತಲುಪುತ್ತೇನೆ ಎಂಬ ಖಾತರಿ ಎಷ್ಟೋ ಮಂದಿಗೆ ಹೆಚ್ಚು ಬೆಲೆಯದು. ಬೆಳಿಗ್ಗೆ ಹಾಜರಿ ಹಾಕಬೇಕಾದವರಿಗೆ, ಮಗುವನ್ನು ಶಾಲೆಗೆ ಬಿಡಬೇಕಾದವರಿಗೆ ಇದು ಚೆನ್ನಾಗಿ ಗೊತ್ತು.

ಯಂತ್ರದ ಮೇಲಿನ ನಂಬಿಕೆಯಲ್ಲಿಯೂ ಒಂದು ತೊಡಕಿದೆ. ಯಂತ್ರದ ಮಾತು ಕೇಳಿ ಅಡ್ಡದಾರಿ ಹಿಡಿದು ಅಲ್ಲಿ ಸಿಕ್ಕಿಬಿದ್ದವರು ಆ ದಿನವನ್ನು ವರ್ಷಗಟ್ಟಲೆ ಮರೆಯುವುದಿಲ್ಲ. ಅದೇ ಯಂತ್ರ ಇಪ್ಪತ್ತು ಸಲ ಸರಿಯಾಗಿ ಹೇಳಿದ್ದು ಮನಸ್ಸಿನಲ್ಲಿ ಉಳಿಯುವುದಿಲ್ಲ. ಇದರ ಮೇಲೆ, ಬಿಟ್ಟುಬಂದ ದಾರಿಯಲ್ಲಿ ಹೋಗಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕ ಯಾರಿಗೂ ಸಿಗುವುದಿಲ್ಲ. ಅಂಗಡಿಯವನು ಕೊಟ್ಟ ತೂಕ ಸರಿಯೇ ಎಂದು ಇನ್ನೊಂದು ತಕ್ಕಡಿಯಲ್ಲಿ ತೂಗಿ ನೋಡಬಹುದು. ಒಬ್ಬನೇ ಮನುಷ್ಯ ಒಂದೇ ಹೊತ್ತಿನಲ್ಲಿ ಎರಡು ದಾರಿಯಲ್ಲಿ ಹೋಗಿ ನೋಡಲಾಗುವುದಿಲ್ಲ. ಆದುದರಿಂದ ಸಂಚಾರ ಮಾಹಿತಿಯನ್ನು ನಂಬುವುದೂ ನಂಬದಿರುವುದೂ ಬಹುಮಟ್ಟಿಗೆ ಸ್ವಭಾವದ ಮಾತಾಗಿಯೇ ಉಳಿದಿದೆ.

ಈಗ ಕಾರಿನಿಂದ ಇಳಿದು ಬಸ್ ನಿಲ್ದಾಣಕ್ಕೆ ಬರೋಣ. ಮಾಹಿತಿಯ ನಿಜವಾದ ಗುಣ ಕಾಣಿಸುವುದು ಅಲ್ಲಿ. ಲಂಡನ್ ನಗರದಲ್ಲಿ 1992ರಲ್ಲಿ 18ನೇ ನಂಬರಿನ ಬಸ್ ಮಾರ್ಗದಲ್ಲಿ ಒಂದು ಪ್ರಯೋಗ ನಡೆಯಿತು. ನಿಲ್ದಾಣಗಳಲ್ಲಿ ಫಲಕ ಹಾಕಿ, ಮುಂದಿನ ಬಸ್ಸು ಎಷ್ಟು ನಿಮಿಷಕ್ಕೆ ಬರುತ್ತದೆ ಎಂದು ತೋರಿಸಿದರು. ಬಸ್ಸುಗಳ ಸಂಖ್ಯೆ ಹೆಚ್ಚಲಿಲ್ಲ, ಓಟ ಚುರುಕಾಗಲಿಲ್ಲ. ಆದರೂ ಪ್ರಯಾಣಿಕರನ್ನು ವಿಚಾರಿಸಿದಾಗ, ಕಾಯುವ ಹೊತ್ತು ಕಡಿಮೆಯಾಗಿದೆ, ಬಸ್ಸುಗಳು ಮೊದಲಿಗಿಂತ ನೆಚ್ಚಿಕೊಳ್ಳುವಂತಿವೆ ಎಂದು ಹೆಚ್ಚಿನವರು ಹೇಳಿದರು. ಗಡಿಯಾರದ ಪ್ರಕಾರ ಏನೂ ಬದಲಾಗಿರಲಿಲ್ಲ. ಬದಲಾಗಿದ್ದು ಕಾಯುವವರ ಮನಸ್ಸು.

ಸಿಯಾಟಲ್‌ನಲ್ಲಿ 2008ರಿಂದ ಬಸ್ಸಿನ ಬರವನ್ನು ಫೋನಿನಲ್ಲಿ ತಿಳಿಸುವ ಸೌಲಭ್ಯ ಬಂದ ಮೇಲೆ ಸಂಶೋಧಕರು ಇದನ್ನು ಅಳೆದೇ ನೋಡಿದರು. ನಿಲ್ದಾಣದಲ್ಲಿ ನಿಂತವರು ನಿಜವಾಗಿ ಕಾದದ್ದೆಷ್ಟು, ಕಾದೆವೆಂದು ಅವರು ಹೇಳುವುದೆಷ್ಟು ಎಂದು ಹೋಲಿಸಿದರು. ಮಾಹಿತಿ ಇಲ್ಲದವರು ತಾವು ಕಾದದ್ದಕ್ಕಿಂತ ಹೆಚ್ಚು ಕಾದೆವೆಂದು ಹೇಳಿದರು. ಮಾಹಿತಿ ಇದ್ದವರ ಲೆಕ್ಕ ಗಡಿಯಾರದೊಂದಿಗೆ ಸರಿಹೊಂದಿತು. ಕಾಯುವವರಿಗೆ ಕ್ಷಣವೂ ಯುಗವಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದ ಮಾತು ಇದು. ಸಂಶೋಧಕರು ಅದಕ್ಕೆ ಅಂಕಿಗಳನ್ನು ಒದಗಿಸಿದರು. ಮೊದಲು ಕೇಳಿದ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಕೆಂಪು ಗೆರೆ ನೋಡಿಯೂ ಅದೇ ರಸ್ತೆಯಲ್ಲಿ ಹೊರಡುವವರು ದಾರಿಗಾಗಿ ನೋಡುವುದಿಲ್ಲ. ಎಷ್ಟು ಹೊತ್ತು ಸಹಿಸಬೇಕು ಎಂದು ತಿಳಿಯಲು ನೋಡುತ್ತಾರೆ. ತಿಳಿದು ಪಡುವ ಕಷ್ಟ ತಿಳಿಯದೆ ಪಡುವ ಕಷ್ಟಕ್ಕಿಂತ ಹಗುರ.

ಇನ್ನು ಬೆಂಗಳೂರಿನ ವಿಷಯ. ಈ ಊರಿನಲ್ಲಿ ದಾರಿಯ ಮಾಹಿತಿ ಬಹಳ ಕಾಲ ಬಾಯಿಂದ ಬಾಯಿಗೆ ಹೋಗುವ ವಸ್ತುವಾಗಿತ್ತು. ಆಟೊ ನಿಲ್ದಾಣ, ಬೀಡಾ ಅಂಗಡಿ, ಮೂಲೆಯ ಕಾಫಿ ಹೋಟೆಲು, ಇವೇ ಮಾಹಿತಿ ಕೇಂದ್ರಗಳು. "ಸೀದಾ ಹೋಗಿ ಸಾರ್, ಗಣೇಶನ ಗುಡಿ ಸಿಗುತ್ತೆ, ಅಲ್ಲಿ ಎಡಕ್ಕೆ ತಗೊಳ್ಳಿ, ಮುಂದೆ ಯಾರನ್ನಾದ್ರೂ ಕೇಳಿ" ಎನ್ನುವುದು ಕ್ರಮ. ಈ ಕೊನೆಯ ಮಾತು ಗಮನಿಸಬೇಕಾದದ್ದು. ಹೇಳುವವನು ತನಗೆ ಗೊತ್ತಿರುವಷ್ಟನ್ನು ಹೇಳಿ, ಗೊತ್ತಿಲ್ಲದ್ದನ್ನು ಮುಂದಿನವರಿಗೆ ಬಿಡುತ್ತಿದ್ದ. ಯಂತ್ರಕ್ಕೆ ಈ ವಿನಯ ಇನ್ನೂ ಪೂರ್ತಿ ಬಂದಿಲ್ಲ.

2001ರಲ್ಲಿ ಬೆಂಗಳೂರಿನಲ್ಲಿ ಖಾಸಗಿ ಎಫ್‌ಎಂ ಬಾನುಲಿ ಆರಂಭವಾಯಿತು. ಹಾಡುಗಳ ನಡುವೆ ರಸ್ತೆಯ ಸ್ಥಿತಿ ಹೇಳುವುದು ಅದರ ಒಂದು ಕೆಲಸವಾಯಿತು. ಖಾಸಗಿ ಬಾನುಲಿಗಳು ಸ್ವಂತವಾಗಿ ಸುದ್ದಿ ಪ್ರಸಾರ ಮಾಡುವಂತಿಲ್ಲ ಎಂಬುದು ಈ ದೇಶದ ನಿಯಮ. ಆದರೆ 2011ರ ಕೇಂದ್ರ ಸರ್ಕಾರದ ನೀತಿ, ಸಂಚಾರ ಮತ್ತು ಹವಾಮಾನದ ಮಾಹಿತಿಯನ್ನು ಸುದ್ದಿ ಎಂದು ಎಣಿಸುವುದಿಲ್ಲ ಎಂದು ಸ್ಪಷ್ಟಪಡಿಸಿತು. ಜನರ ದಿನದ ಒಂದೆರಡು ಗಂಟೆಗಳನ್ನು ತೀರ್ಮಾನಿಸುವ ಸಂಗತಿಗೆ ಸುದ್ದಿಯ ಪಟ್ಟ ಸಿಗಲಿಲ್ಲ. ಅದರಿಂದ ಪ್ರಸಾರವಾಗುವ ಭಾಗ್ಯವಂತೂ ಸಿಕ್ಕಿತು.

2012ರಲ್ಲಿ ಗೂಗಲ್ ಸಂಸ್ಥೆ ಬೆಂಗಳೂರೂ ಸೇರಿ ಭಾರತದ ಕೆಲವು ನಗರಗಳ ನಕ್ಷೆಯಲ್ಲಿ ಆ ಕ್ಷಣದ ವಾಹನ ದಟ್ಟಣೆಯನ್ನು ತೋರಿಸತೊಡಗಿತು. ಈ ಬಣ್ಣಗಳು ಎಲ್ಲಿಂದ ಬರುತ್ತವೆ ಎಂದು ವಿಚಾರಿಸಿದರೆ ಸ್ವಾರಸ್ಯವಾದ ಉತ್ತರ ಸಿಗುತ್ತದೆ. ರಸ್ತೆಯಲ್ಲಿ ಸಾಗುವ ಸಾವಿರಾರು ಜನರ ಜೇಬಿನಲ್ಲಿರುವ ಫೋನುಗಳು ತಾವು ಎಲ್ಲಿದ್ದೇವೆ, ಎಷ್ಟು ವೇಗದಲ್ಲಿ ಸರಿಯುತ್ತಿದ್ದೇವೆ ಎಂಬುದನ್ನು ಕಳಿಸುತ್ತಿರುತ್ತವೆ. ಫೋನುಗಳು ನಿಧಾನವಾದರೆ ರಸ್ತೆ ಕೆಂಪಾಗುತ್ತದೆ. ಎಂದರೆ ದಟ್ಟಣೆಯಲ್ಲಿ ನಿಂತು ದಟ್ಟಣೆಯನ್ನು ಶಪಿಸುವ ಪ್ರತಿಯೊಬ್ಬರೂ ಆ ಕೆಂಪು ಗೆರೆಗೆ ಒಂದೊಂದು ಚುಕ್ಕೆ ಸೇರಿಸಿರುತ್ತಾರೆ. 2020ರ ಫೆಬ್ರವರಿಯಲ್ಲಿ ಬರ್ಲಿನ್‌ನ ಸಿಮೋನ್ ವೆಕರ್ಟ್ ಎಂಬ ಕಲಾವಿದ ಇದನ್ನು ತಮಾಷೆಯಾಗಿ ತೋರಿಸಿಕೊಟ್ಟರು. 99 ಹಳೆಯ ಫೋನುಗಳನ್ನು ಒಂದು ಕೈಗಾಡಿಯಲ್ಲಿ ತುಂಬಿ ಖಾಲಿ ಬೀದಿಯಲ್ಲಿ ನಿಧಾನವಾಗಿ ಎಳೆದುಕೊಂಡು ಹೋದರು. ನಕ್ಷೆಯಲ್ಲಿ ಆ ಬೀದಿ ಕೆಂಪಾಯಿತು. ಯಂತ್ರ ಕಂಡಿದ್ದು ಫೋನುಗಳನ್ನು, ರಸ್ತೆಯನ್ನಲ್ಲ.

ಈ ಯಂತ್ರ ಇಲ್ಲಿನ ರಸ್ತೆಗೆ ಒಗ್ಗಿಕೊಳ್ಳಲು ಕೆಲವು ವರ್ಷ ಹಿಡಿಯಿತು. ಸ್ಕೂಟರು, ಬೈಕುಗಳು ನುಗ್ಗುವ ದಾರಿ ಕಾರಿನ ದಾರಿಯಲ್ಲ ಎಂಬುದನ್ನು ಅದು ಒಪ್ಪಿಕೊಂಡಿದ್ದು 2017ರ ಡಿಸೆಂಬರ್‌ನಲ್ಲಿ. ದ್ವಿಚಕ್ರ ವಾಹನಗಳಿಗೆಂದೇ ಬೇರೆ ದಾರಿ ತೋರಿಸುವ ಸೌಲಭ್ಯ ಮೊದಲು ಬಂದದ್ದು ಭಾರತದಲ್ಲಿ. 2018ರಲ್ಲಿ ಅದು ಕನ್ನಡದಲ್ಲಿ "ಎಡಕ್ಕೆ ತಿರುಗಿ" ಎನ್ನಲು ಕಲಿಯಿತು. ಪರದೆ ಓದುತ್ತ ಗಾಡಿ ಓಡಿಸಲಾಗದವರಿಗೆ, ಇಂಗ್ಲಿಷ್ ಸೂಚನೆ ಹಿಡಿಸದವರಿಗೆ ಇದರಿಂದ ಅನುಕೂಲವಾಯಿತು.

ಆದರೂ ಆಟೊ ಚಾಲಕರಿಗೂ ಯಂತ್ರಕ್ಕೂ ನಡುವಿನ ವ್ಯಾಜ್ಯ ಇನ್ನೂ ತೀರಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತವರು ಫೋನು ನೋಡುತ್ತ, "ಅಣ್ಣಾ, ಮ್ಯಾಪು ಬಲಕ್ಕೆ ಹೋಗಿ ಅಂತಿದೆ" ಎನ್ನುತ್ತಾರೆ. "ಮೇಡಂ, ಮ್ಯಾಪಿಗೇನು ಗೊತ್ತು, ಅಲ್ಲಿ ಮೋರಿ ಕೆಲಸಕ್ಕೆ ರೋಡು ಅಗೆದಿದ್ದಾರೆ" ಎಂದು ಚಾಲಕರು ಉತ್ತರಿಸುತ್ತಾರೆ. ಈ ಜಗಳದಲ್ಲಿ ಇರುವುದು ದಾರಿಯ ಪ್ರಶ್ನೆಯೊಂದೇ ಅಲ್ಲ. ಇಪ್ಪತ್ತು ವರ್ಷ ರಸ್ತೆಯಲ್ಲಿ ಸವೆದು ಗಳಿಸಿದ ತಿಳಿವಳಿಕೆ ಆ ಚಾಲಕರ ಬಂಡವಾಳ. ನಿನ್ನೆ ಊರಿಗೆ ಬಂದವರ ಕೈಯಲ್ಲಿಯೂ ಅದೇ ತಿಳಿವಳಿಕೆ ಪುಕ್ಕಟೆಯಾಗಿ ಸಿಕ್ಕಿದಾಗ ಬಂಡವಾಳದ ಬೆಲೆ ಇಳಿಯುತ್ತದೆ. ಮೊದಲು ಚಾಲಕರನ್ನು ನಂಬದೆ ಬೇರೆ ಗತಿಯಿರಲಿಲ್ಲ. ಈಗ ಅವರು ಎಳೆದ ಪ್ರತಿಯೊಂದು ತಿರುವನ್ನೂ ಹಿಂದೆ ಕುಳಿತವರು ಪರೀಕ್ಷಿಸುತ್ತಾರೆ. ಹೊಸಬರಿಗೆ ಇದು ರಕ್ಷಣೆ, ಹಳೆಯ ಚಾಲಕರಿಗೆ ಇದು ಅವಮಾನ. ಎರಡೂ ನಿಜ.

ಮನೆ, ಕಚೇರಿಗಳ ನಡವಳಿಕೆಯೂ ಬದಲಾಗಿದೆ. ಒಂದು ಕಾಲದಲ್ಲಿ "ಟ್ರಾಫಿಕ್ ಇತ್ತು" ಎಂದರೆ ಎಲ್ಲರೂ ಒಪ್ಪುವ ನೆಪವಾಗಿತ್ತು. ಈಗ ಮೇಲಧಿಕಾರಿಯ ಮೇಜಿನ ಮೇಲೆಯೂ ಅದೇ ನಕ್ಷೆ ಇದೆ. ಇತ್ತ ಮನೆಯಲ್ಲಿ ಅನ್ನಕ್ಕೆ ಇಡುವವರು "ಎಲ್ಲಿದ್ದೀರಿ?" ಎಂದು ಮೂರು ಸಲ ಫೋನು ಮಾಡಬೇಕಾಗಿಲ್ಲ, ಬರುವವರು ಯಾವ ಸರ್ಕಲ್ ದಾಟಿದರೆಂದು ನಕ್ಷೆಯಲ್ಲಿಯೇ ಕಾಣುತ್ತದೆ. ರಾತ್ರಿ ಪಾಳಿ ಮುಗಿಸಿ ಬರುವ ಮಗಳ ದಾರಿ ಕಾಯುವ ತಾಯಿಗೆ ಆ ಸರಿಯುವ ಚುಕ್ಕೆ ದೊಡ್ಡ ಸಮಾಧಾನ. ದಟ್ಟಣೆ ಕರಗಿಸಲೆಂದು ಕಟ್ಟಿದ ಯಂತ್ರವನ್ನು ಜನ ಕಳವಳ ಕರಗಿಸಲು ಬಳಸಿಕೊಂಡರು.

ಹಾಗಾದರೆ ದಟ್ಟಣೆ ಕರಗಿತೇ? ಅಂಕಿಗಳು ಉತ್ಸಾಹ ಕೊಡುವಂತಿಲ್ಲ. ನೆದರ್ಲೆಂಡ್ಸ್‌ನ ಟಾಮ್‌ಟಾಮ್ ಸಂಸ್ಥೆ 2019ರ ಸಾಲಿಗೆ 57 ದೇಶಗಳ 416 ನಗರಗಳನ್ನು ಹೋಲಿಸಿದಾಗ ಬೆಂಗಳೂರು ಮೊದಲ ಸ್ಥಾನದಲ್ಲಿ ನಿಂತಿತ್ತು. ಖಾಲಿ ರಸ್ತೆಯಲ್ಲಿ ಹಿಡಿಯುವ ಹೊತ್ತಿಗಿಂತ ಇಲ್ಲಿ ಸರಾಸರಿ ಶೇ 71ರಷ್ಟು ಹೆಚ್ಚು ಹೊತ್ತು ಹಿಡಿಯುತ್ತಿತ್ತು. 2022ರಲ್ಲಿ ನಗರದ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಗಿತ್ತು. ಆ ಹೊತ್ತಿಗೆ ನಕ್ಷೆಯ ಬಣ್ಣಗಳು ಬಂದು ಹತ್ತು ವರ್ಷವಾಗಿತ್ತು. ಜಾಗ ಸಾಲದ ಊರಿನಲ್ಲಿ ಮಾಹಿತಿಯಿಂದ ಜಾಗ ಹುಟ್ಟುವುದಿಲ್ಲ.

ಇದಕ್ಕೆ ಕಾರಣವನ್ನು ಇಂಗ್ಲೆಂಡಿನ ಜೆ. ಜಿ. ವಾರ್ಡ್ರಪ್ 1952ರಲ್ಲಿಯೇ ವಿವರಿಸಿದ್ದರು. ಪ್ರತಿಯೊಬ್ಬ ಪ್ರಯಾಣಿಕನೂ ತನಗೆ ಬೇಗವಾಗುವ ದಾರಿಯನ್ನೇ ಹಿಡಿಯುತ್ತ ಹೋದರೆ, ಕೊನೆಗೆ ಬಳಕೆಯಲ್ಲಿರುವ ಎಲ್ಲ ದಾರಿಗಳೂ ಒಂದೇ ಸಮನೆ ನಿಧಾನವಾಗುತ್ತವೆ. ಒಬ್ಬೊಬ್ಬರಿಗೂ ಲಾಭವಾಗುವ ಆಯ್ಕೆಗಳನ್ನು ಕೂಡಿಸಿದರೆ ಊರಿಗೆ ಲಾಭ ಬರಬೇಕೆಂದೇನೂ ಇಲ್ಲ. ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ. ಮುಖ್ಯರಸ್ತೆಯಲ್ಲಿ ಸಾವಿರ ವಾಹನಗಳು ನಿಂತಿವೆ. ಪಕ್ಕದ ಅಡ್ಡರಸ್ತೆ ನೂರು ವಾಹನಗಳನ್ನು ತಾಳಬಲ್ಲದು. ಹತ್ತು ಮಂದಿಗೆ ಆ ಗುಟ್ಟು ತಿಳಿದಿದ್ದರೆ ಹತ್ತು ಮಂದಿಯೂ ಬೇಗ ಮನೆ ಸೇರುತ್ತಾರೆ. ಐನೂರು ಮಂದಿಗೆ ಒಟ್ಟಿಗೆ ತಿಳಿದರೆ ಅಡ್ಡರಸ್ತೆಯೂ ಕಟ್ಟುತ್ತದೆ. 1956ರಲ್ಲಿ ವೈದ್ಯರ ಕಾರುಗಳಿಂದ ಆದದ್ದೂ ಇದೇ.

ಆ ಅಡ್ಡರಸ್ತೆಯಲ್ಲಿ ವಾಸಿಸುವವರನ್ನು ಯಾರು ಕೇಳಿದರು? ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಲಿಯೋನಿಯಾ ಎಂಬ ಪುಟ್ಟ ಊರಿದೆ. ನ್ಯೂಯಾರ್ಕ್ ನಗರಕ್ಕೆ ಹೋಗುವ ದೊಡ್ಡ ಸೇತುವೆ ಅದರ ಸಮೀಪದಲ್ಲಿದೆ. ಹೆದ್ದಾರಿ ಕಟ್ಟಿದಾಗಲೆಲ್ಲ ದಾರಿ ತೋರಿಸುವ ಆ್ಯಪ್‌ಗಳು ಹೊರಗಿನ ಕಾರುಗಳನ್ನು ಈ ಊರಿನ ಮನೆಗಳ ಮುಂದಿನ ಬೀದಿಗಳಿಗೆ ತಿರುಗಿಸತೊಡಗಿದವು. ಮನೆಯಿಂದ ಕಾರು ಹೊರತೆಗೆಯುವುದೂ ಕಷ್ಟವಾಯಿತು. 2018ರ ಜನವರಿಯಲ್ಲಿ ಊರಿನ ಆಡಳಿತ ಬೆಳಿಗ್ಗೆ, ಸಂಜೆಯ ದಟ್ಟಣೆಯ ಹೊತ್ತಿನಲ್ಲಿ ಸುಮಾರು 60 ಬೀದಿಗಳನ್ನು ಹೊರಗಿನವರಿಗೆ ಮುಚ್ಚಿತು. ಅದೇ ವರ್ಷ ನ್ಯಾಯಾಲಯ ಈ ಆದೇಶವನ್ನು ರದ್ದುಮಾಡಿತು. ಸಾರ್ವಜನಿಕ ರಸ್ತೆಯನ್ನು ಹೊರಗಿನವರಿಗೆ ಮುಚ್ಚುವುದು ಸರಿಯಲ್ಲ ಎನ್ನಬಹುದು. ಆದರೆ ಊರಿನವರ ಅಳಲೂ ಸುಳ್ಳಲ್ಲ. ಬೆಂಗಳೂರಿನ ಹಳೆಯ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಮಕ್ಕಳು ಸಂಜೆ ಕ್ರಿಕೆಟ್ ಆಡುತ್ತಾರೆ, ಮುದುಕರು ಕಟ್ಟೆಯ ಮೇಲೆ ಕೂರುತ್ತಾರೆ, ತಳ್ಳುಗಾಡಿಯ ಸೊಪ್ಪಿನವಳು ನಿಲ್ಲುತ್ತಾಳೆ. ನಕ್ಷೆಯ ಲೆಕ್ಕದಲ್ಲಿ ಅದು ಮೂರು ನಿಮಿಷ ಉಳಿಸುವ ಒಂದು ಗೆರೆ ಮಾತ್ರ.

ಮಾಹಿತಿ ಬೇಡವೆಂದು ಇದರ ಅರ್ಥವಲ್ಲ. ಮಾಹಿತಿಗೆ ಬೆಲೆ ಬರುವುದು ಬದಲಿ ದಾರಿ ಇದ್ದಾಗ ಎಂದು ಅರ್ಥ. ರೇಷ್ಮೆ ಮಂಡಳಿಯ ಬಳಿಯ ಸಿಲ್ಕ್ ಬೋರ್ಡ್ ಜಂಕ್ಷನ್ ಇದಕ್ಕೆ ಒಳ್ಳೆಯ ನಿದರ್ಶನ. ವರ್ಷಗಟ್ಟಲೆ ಆ ಜಾಗ ನಕ್ಷೆಯಲ್ಲಿ ಕೆಂಪಾಗಿಯೇ ಕಂಡಿತು. ಕೆಂಪಾಗಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದು ಮಾಡುವುದೇನು? ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರಲ್ಲಿ ಹೆಚ್ಚಿನವರು ಅದನ್ನು ದಾಟಿಯೇ ಹೋಗಬೇಕಾಗಿತ್ತು. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೊದ ಹಳದಿ ಮಾರ್ಗ ಆರಂಭವಾಯಿತು. ಆ ಜಂಕ್ಷನ್ನಿನ ಮೇಲೆಯೇ ರೈಲು ಸಾಗತೊಡಗಿತು. ಕೆಂಪು ಗೆರೆ ಕಂಡವರಿಗೆ ಆಗ ಮೊದಲ ಬಾರಿಗೆ ಒಂದು ಆಯ್ಕೆ ಬಂತು. ಮೊದಮೊದಲು ಮೂರೇ ರೈಲುಗಳಿದ್ದು, 25 ನಿಮಿಷಕ್ಕೊಂದರಂತೆ ಓಡಿದವು. ಆದರೂ ಆಯ್ಕೆ ಆಯ್ಕೆಯೇ. ಬದಲಿ ದಾರಿಯಿಲ್ಲದ ಕಡೆ ಕೆಂಪು ಗೆರೆ ಬರಿಯ ವರದಿ. ಬದಲಿ ಇರುವ ಕಡೆ ಅದು ಸಲಹೆ.

ಕೊನೆಯದಾಗಿ ಒಂದು ನ್ಯಾಯದ ಮಾತು. ದಾರಿಯ ಮಾಹಿತಿ ಯಾರಿಗೆ ಹೆಚ್ಚು ಬೇಕು? ಕಾರಿನವರಿಗೆ ತಡವಾದರೆ ಕುಳಿತಲ್ಲಿಯೇ ತಡವಾಗುತ್ತದೆ. ಬಸ್ಸಿಗೆ ಕಾಯುವವರು ಬಿಸಿಲಿನಲ್ಲೋ ಮಳೆಯಲ್ಲೋ ನಿಂತು ಕಾಯಬೇಕು. ಒಂದು ಬಸ್ಸು ಎರಡು ಮೂರು ಕಾರುಗಳ ಜಾಗ ಹಿಡಿದು ಐವತ್ತು ಅರವತ್ತು ಮಂದಿಯನ್ನು ಒಯ್ಯುತ್ತದೆ. ರಸ್ತೆಯ ಜಾಗ ಉಳಿಸುವವರು ಅವರೇ. ಆದರೆ ಈ ತಂತ್ರಜ್ಞಾನ ನಡೆದುಬಂದ ದಾರಿಯನ್ನು ನೋಡಿದರೆ, ಲಾಸ್ ಏಂಜಲೀಸ್‌ನಿಂದ ಟೋಕಿಯೊವರೆಗೆ ಮಾಹಿತಿ ಮೊದಲು ಬಂದು ಕುಳಿತಿದ್ದು ಕಾರಿನೊಳಗೆ. ಬಸ್ ನಿಲ್ದಾಣಕ್ಕೆ ಬಂದದ್ದು ಆಮೇಲೆ. ಬೆಂಗಳೂರಿನಲ್ಲಿಯೂ ಸಿಟಿ ಬಸ್ಸುಗಳ ಚಲನೆಯನ್ನು ಉಪಗ್ರಹದ ಸಹಾಯದಿಂದ ತಿಳಿಸುವ ವ್ಯವಸ್ಥೆ ಜನರ ಕೈಗೆ ಬಂದದ್ದು 2016ರಲ್ಲಿ, ಕಾರಿನವರಿಗೆ ಬಣ್ಣದ ನಕ್ಷೆ ಸಿಕ್ಕ ನಾಲ್ಕು ವರ್ಷಗಳ ನಂತರ.

ಕಾಯುವವರಿಗೆ ಹೇಳುವ ಮಾತು ನಿಜವಾಗಿಯೂ ಇರಬೇಕು. ಐದು ನಿಮಿಷಕ್ಕೆ ಬರುತ್ತದೆ ಎಂದು ಪರದೆ ಹೇಳಿ, ಐದು ಕಳೆದು ಹತ್ತಾದರೂ ಬಸ್ಸು ಬಾರದೆ, ಕೊನೆಗೆ ಪರದೆಯಿಂದ ಆ ಸಾಲೇ ಮಾಯವಾದರೆ, ಅದಕ್ಕಿಂತ ಪರದೆ ಇಲ್ಲದಿರುವುದೇ ಮೇಲು. ಏನೂ ಹೇಳದ ನಿಲ್ದಾಣದಲ್ಲಿ ಜನ ತಾಳ್ಮೆಯಿಂದ ನಿಂತಾರು; ಸುಳ್ಳು ಹೇಳಿದ ನಿಲ್ದಾಣದಲ್ಲಿ ನಿಲ್ಲಲಾರರು. ಅಲ್ಲಿ ನಂಬಿಕೆ ಕಳೆದುಕೊಂಡವರು ಮುಂದಿನ ತಿಂಗಳು ಕಂತಿನಲ್ಲಿ ಸ್ಕೂಟರು ಕೊಳ್ಳುತ್ತಾರೆ. ಕೆಂಪು ಗೆರೆಗೆ ಇನ್ನೊಂದು ಚುಕ್ಕೆ ಸೇರುತ್ತದೆ.

ಸಂಜೆ ಏಳರ ಹೊತ್ತಿಗೆ ಯಾವ ನಿಲ್ದಾಣಕ್ಕಾದರೂ ಹೋಗಿ ನೋಡಿ. ಕೈಯಲ್ಲಿ ತರಕಾರಿ ಚೀಲ ಹಿಡಿದ ಒಬ್ಬಾಕೆ ರಸ್ತೆಯ ತುದಿಗೆ ಕಣ್ಣು ನೆಟ್ಟು ನಿಂತಿರುತ್ತಾರೆ. ಪಕ್ಕದಲ್ಲಿ ನಿಂತವರನ್ನು ಕೇಳುತ್ತಾರೆ: "ಬಸ್ಸು ಹೋಯ್ತಾ, ಇನ್ನೂ ಬರಬೇಕಾ?" ಸಂಚಾರ ಮಾಹಿತಿಯ ಇಡೀ ಶಾಸ್ತ್ರ ಉತ್ತರಿಸಬೇಕಾದ ಪ್ರಶ್ನೆ ಅಷ್ಟೇ. ಆಕೆಗೆ ನಿಜವಾದ ಉತ್ತರ ಕೊಡುವ ಊರು ಉಳಿದವರಿಗೂ ಕೊಡಬಲ್ಲದು.